ಹಗಲಿನ ನಕ್ಷತ್ರ

ಕಳೆದ ಪುಷ್ಯ ಮಾಸದ ಅಮಾವಾಸ್ಯೆಯ ಸಂಜೆ ಸಿಂಧನೂರಿನ ಬಳಿಯ ಆರ್.ಎಚ್. ಕ್ಯಾಂಪಿನಲ್ಲಿ ನನ್ನ ವಿದ್ಯಾರ್ಥಿಯೊಬ್ಬನ ಮನೆಗೆ ಹೋಗಿದ್ದೆನು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರು ನೆಲೆನಿಂತ ಊರು ಅದು. ನಾವು ಮಾತಿಗೆ ಕುಳಿತ ಸ್ವಲ್ಪ ಹೊತ್ತಿಗೆ ವಿದ್ಯುದ್ದೀಪಗಳು ಆರಿಹೋದವು. ಎಲ್ಲರೂ ಅಂಗಳಕ್ಕೆ ಬಂದೆವು. ಭತ್ತ ಕೊಯ್ದ ಗದ್ದೆಗಳ ಮೇಲೆ ಆಕಾಶವು ದಿಗಂತದಿಂದ ದಿಗಂತದವರೆಗೆ ತುಂಬಿಕೊಂಡಿತ್ತು.

ಮನೆಯ ಹಿರಿಯರು ಮೂಡಣಕ್ಕೆ ಕೈತೋರಿ "ಕಾಲಪುರುಷ" ಎಂದರು. ನಾವು ಮಹಾವ್ಯಾಧನೆಂದು ಕರೆಯುವ ನಕ್ಷತ್ರಪುಂಜಕ್ಕೆ ಬಂಗಾಳಿಯಲ್ಲಿ ಆ ಹೆಸರು. ಅದರ ಕೆಳಗೆ ಲುಬ್ಧಕವು ಥಳಥಳಿಸುತ್ತಿತ್ತು. ಏಳನೆಯ ತರಗತಿಯಲ್ಲಿ ಓದುವ ಅವರ ಮೊಮ್ಮಗಳು ನನ್ನನ್ನು ಕೇಳಿದಳು: "ಸರ್, ಸೂರ್ಯನೂ ಒಂದು ನಕ್ಷತ್ರವೆಂದು ಪುಸ್ತಕದಲ್ಲಿದೆ. ಅದು ಹೇಗೆ ತಿಳಿಯಿತು? ಇವುಗಳಲ್ಲಿ ಒಂದಾದರೂ ಅವನಂತೆ ಕಾಣುವುದಿಲ್ಲವಲ್ಲ!"

ಪಂಪ ರನ್ನರನ್ನು ಪಾಠ ಹೇಳುವವನಿಗೆ ಇದು ತುಸು ಕಷ್ಟದ ಪ್ರಶ್ನೆಯೇ ಸರಿ. ಆ ರಾತ್ರಿ ಹೇಳಿದುದನ್ನೂ, ಹೇಳಲು ಮರೆತುದನ್ನೂ ಕೂಡಿಸಿ ನಮ್ಮ ಕಿರಿಯ ವಾಚಕರಿಗಾಗಿ ಈ ವಾರ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು ದೂರದ ಮಾತು. ಬೆಳಕು ಒಂದು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಸೂರ್ಯನಿಂದ ನಮ್ಮಲ್ಲಿಗೆ ಬರಲು ಅದಕ್ಕೆ ಎಂಟು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಲುಬ್ಧಕದಿಂದ ಬರಲು ಎಂಟೂವರೆ ವರ್ಷಕ್ಕೂ ಮಿಕ್ಕಿ ಬೇಕು. ಆ ಹುಡುಗಿ ಅಂದು ಕಂಡ ಬೆಳಕು ಲುಬ್ಧಕವನ್ನು ಬಿಟ್ಟಾಗ ಅವಳಿನ್ನೂ ಮೂರು ನಾಲ್ಕು ವರ್ಷದ ಮಗು!

ಅವಳ ಕೈಯಲ್ಲಿ ಒಂದು ಕಿತ್ತಳೆ ಹಣ್ಣಿತ್ತು. ಆರು ಸೆಂಟಿಮೀಟರ್ ದಪ್ಪದ ಆ ಹಣ್ಣೇ ಸೂರ್ಯನೆಂದು ಭಾವಿಸೋಣ. ಆಗ ನಮ್ಮ ಭೂಮಿಯು ಆರೂವರೆ ಮೀಟರ್ ಆಚೆಗೆ ಬಿದ್ದ ಸಣ್ಣ ರವೆಯ ಒಂದು ಕಣ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಸಮೀಪದ ತಾರೆ ಪ್ರಾಕ್ಸಿಮಾ ಸೆಂಟಾರಿ. ಅದು ಕಡಲೆಕಾಳಿನಷ್ಟು ದೊಡ್ಡದು. ಆದರೆ ಆ ಕಾಳನ್ನು ಎಲ್ಲಿ ಇಡಬೇಕು? ಸುಮಾರು 1,700 ಕಿಲೋಮೀಟರ್ ದೂರದಲ್ಲಿ, ಎಂದರೆ ಆರ್.ಎಚ್. ಕ್ಯಾಂಪಿನಿಂದ ಢಾಕಾ ನಗರದಷ್ಟು ದೂರದಲ್ಲಿ! ಇದನ್ನು ಕೇಳಿ ಹಿರಿಯರು ಬಹಳ ಹೊತ್ತು ಮಾತನಾಡಲಿಲ್ಲ. ಆ ದೂರವನ್ನು ಅವರು ನೆಲದ ಮೇಲೆ ಅಳೆದು ಬಂದವರು. ಅಷ್ಟು ದೂರದ ಸೂರ್ಯರು ನಮಗೆ ಚುಕ್ಕೆಗಳಾಗಿ ಕಂಡರೆ ಆಶ್ಚರ್ಯವೇನು?

ಆದರೆ ದೂರವೊಂದೇ ಸಾಕ್ಷಿಯಾಗಲಾರದು. ಅವು ಸೂರ್ಯನ ಜಾತಿಯವೇ ಎಂದು ತಿಳಿದುದು ಬೆಳಕನ್ನು ಬಿಡಿಸಿ ನೋಡಿದುದರಿಂದ. ಸೂರ್ಯನ ಬೆಳಕನ್ನು ಪಟ್ಟಕದಲ್ಲಿ ಹಾಯಿಸಿದರೆ ಕಾಮನಬಿಲ್ಲಿನ ಬಣ್ಣಗಳು ಹರಡಿಕೊಳ್ಳುತ್ತವೆ. ಇದಕ್ಕೆ ರೋಹಿತವೆಂದು ಹೆಸರು. ಅದರಲ್ಲಿ ಅಲ್ಲಲ್ಲಿ ಸಣ್ಣ ಗೆರೆಗಳಿರುತ್ತವೆ. ಕಬ್ಬಿಣ, ಸೋಡಿಯಂ, ಹೈಡ್ರೋಜನ್ ಮೊದಲಾದ ಪ್ರತಿಯೊಂದು ಮೂಲವಸ್ತುವಿಗೂ ತನ್ನದೇ ಗೆರೆಗಳು. ಅವು ಆ ವಸ್ತುವಿನ ಹೆಬ್ಬೆಟ್ಟಿನ ಗುರುತು ಇದ್ದಂತೆ. ನಕ್ಷತ್ರಗಳ ಬೆಳಕಿನಲ್ಲಿಯೂ ಅಂಥವೇ ಗುರುತುಗಳು ದೊರೆತವು. ಸೂರ್ಯನಲ್ಲಿರುವ ದ್ರವ್ಯವೇ ಅವುಗಳಲ್ಲಿಯೂ ಇದೆ.

ಈ ಶೋಧದ ಒಂದು ಅಧ್ಯಾಯವು ನಮ್ಮ ನಾಡಿನ ಮೇಲೆಯೇ ಹಾದುಹೋಯಿತು. 1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ದಕ್ಷಿಣ ಭಾರತವನ್ನು ದಾಟಿತು. ಪ್ರಸಿದ್ಧ ಖಗೋಳಜ್ಞ ವಿಲಿಯಂ ಹರ್ಷಲನ ಮೊಮ್ಮಗ ಜಾನ್ ಹರ್ಷಲನು ಜಮಖಂಡಿಯಲ್ಲಿಯೂ, ಫ್ರಾನ್ಸಿನ ಜಾನ್ಸನ್ನನು ಗುಂಟೂರಿನಲ್ಲಿಯೂ ರೋಹಿತದರ್ಶಕವನ್ನು ಹಿಡಿದು ಕಾದಿದ್ದರು. ಸೂರ್ಯನ ಅಂಚಿನಿಂದ ಏಳುವ ಜ್ವಾಲೆಗಳು ಉರಿಯುವ ಅನಿಲವೆಂಬುದು ಅಂದು ಸ್ಪಷ್ಟವಾಯಿತು. ಆ ಜ್ವಾಲೆಗಳ ರೋಹಿತದಲ್ಲಿ ಕಂಡ ಹಳದಿ ಗೆರೆಯೊಂದು ಭೂಮಿಯ ಮೇಲೆ ಆಗ ತಿಳಿದಿದ್ದ ಯಾವ ವಸ್ತುವಿಗೂ ಹೊಂದಲಿಲ್ಲ. ಗ್ರೀಕ್ ಭಾಷೆಯ ಸೂರ್ಯನ ಹೆಸರಿನಿಂದ ಆ ಹೊಸ ವಸ್ತುವನ್ನು ಹೀಲಿಯಂ ಎಂದು ಕರೆದರು. ಅದು ಭೂಮಿಯ ಮೇಲೆ ದೊರೆತುದು 1895ರಲ್ಲಿ. ಸೂರ್ಯನಲ್ಲಿ ಮೊದಲು ಕಂಡು, ಆಮೇಲೆ ಮನೆಯಲ್ಲಿ ಸಿಕ್ಕ ವಸ್ತು!

ಎರಡನೆಯ ಸಲ ಆ ನೆರಳು ನಮ್ಮ ಸಿಂಧನೂರಿನ ಮೇಲೆಯೇ ಬಂದಿತು. 1980ರ ಫೆಬ್ರವರಿ 16, ಶನಿವಾರ, ಮಧ್ಯಾಹ್ನ ಮೂರೂ ಮುಕ್ಕಾಲರ ಸುಮಾರು. ಸಿಂಧನೂರಿನಿಂದ ರಾಯಚೂರಿಗೆ ಹೋಗುವ ಹಾದಿಯಲ್ಲಿರುವ ಜವಳಗೇರಾದಲ್ಲಿ ಭಾರತೀಯ ಖಭೌತವಿಜ್ಞಾನ ಸಂಸ್ಥೆಯವರು ಉಪಕರಣಗಳನ್ನು ಹೂಡಿದ್ದರು. ಸೂರ್ಯಬಿಂಬವು ಪೂರ್ತಿ ಮರೆಯಾದಾಗ ಮಾತ್ರ ಅದರ ಸುತ್ತಣ ಪ್ರಭಾವಲಯವು ಬರಿಗಣ್ಣಿಗೆ ಕಾಣುತ್ತದೆ. ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು 5,500 ಡಿಗ್ರಿ. ಹೊರಗಿನ ಈ ತೆಳುವಾದ ಪ್ರಭೆಯದು ಹತ್ತು ಲಕ್ಷ ಡಿಗ್ರಿಗೂ ಹೆಚ್ಚು. ಒಲೆಗಿಂತ ಅದರಿಂದೆದ್ದ ಹೊಗೆ ನೂರಾರು ಪಟ್ಟು ಬಿಸಿಯಾದಂತಿರುವ ಈ ಒಗಟನ್ನು ಬಿಡಿಸಲು ಅವರಿಗೆ ದೊರೆತ ಕಾಲ ಎರಡೂವರೆ ನಿಮಿಷದ ಆಸುಪಾಸು. ಅಷ್ಟು ಹೊತ್ತು ಹಗಲು ಕತ್ತಲಾಯಿತು, ಶುಕ್ರನು ಬೆಳಗಿದನು. ನಕ್ಷತ್ರಗಳು ಹಗಲಿನಲ್ಲಿ ಎಲ್ಲಿಗೂ ಹೋಗುವುದಿಲ್ಲ. ಅವುಗಳಲ್ಲಿ ಒಂದು ನಮಗೆ ಅತಿ ಸಮೀಪದಲ್ಲಿರುವುದರಿಂದ ಉಳಿದವು ಅದರ ಬೆಳಕಿನಲ್ಲಿ ಮುಳುಗಿರುತ್ತವೆ.

ನನ್ನ ತಾಯಿಗೆ ಆಗ ಹನ್ನೆರಡು ವರ್ಷ. ಅವರ ಹಳ್ಳಿಯೂ ಆ ನೆರಳಿನ ದಾರಿಯಲ್ಲಿತ್ತು. ಮನೆಯವರು ನೀರಿನ ಕೊಡಕ್ಕೆ ಗರಿಕೆ ಹಾಕಿ, ಬಾಗಿಲಿಕ್ಕಿ, ಕಿಟಕಿಯ ಸಂದಿಗೆ ಗೋಣಿಚೀಲ ತುರುಕಿದ್ದರಂತೆ. ಕಾಗೆಗಳು ಗೂಡಿಗೆ ಮರಳುವ ಸದ್ದೊಂದೇ ಅವರಿಗೆ ನೆನಪಿದೆ. ಹಿರಿಯರನ್ನು ನಾನು ಹಳಿಯಲಾರೆ. ಸೂರ್ಯನನ್ನು ಬರಿಗಣ್ಣಿನಿಂದ ನೋಡಿದರೆ ಕಣ್ಣು ಕೆಡುವುದು ನಿಜ. ಗ್ರಹಣದ ದಿನವೂ ನಿಜ, ಉಳಿದ ದಿನವೂ ನಿಜ. ಅದಕ್ಕಾಗಿಯೇ ಮಾಡಿದ ಕನ್ನಡಕವನ್ನು ಧರಿಸಿ ನೋಡತಕ್ಕದ್ದು. ಬಿಂಬವು ಪೂರ್ಣವಾಗಿ ಮುಚ್ಚಿದ ಆ ಕೆಲವು ಕ್ಷಣಗಳಲ್ಲಿ ಮಾತ್ರ ಕನ್ನಡಕದ ಅವಶ್ಯಕತೆಯಿಲ್ಲ. ಇಷ್ಟನ್ನು ತಿಳಿಸಿ ಹೇಳುವವರು ಅಂದು ಆ ಹಳ್ಳಿಯಲ್ಲಿ ಇರಲಿಲ್ಲ. ಬಾಗಿಲಿಗೆ ಬಂದ ಅತಿಥಿ ಹಾಗೆಯೇ ಹೋಯಿತು. ಭಾರತದಲ್ಲಿ ಮುಂದಿನ ಖಗ್ರಾಸ ಸೂರ್ಯಗ್ರಹಣವು 2034ರ ಮಾರ್ಚ್ 20ರಂದು. ಅದೂ ದೂರದ ಕಾಶ್ಮೀರ ಲಡಾಖಿನ ಕಡೆ.

ಇಂದು ವಿಜ್ಞಾನಿಗಳು ನೆರಳಿಗಾಗಿ ಕಾಯಬೇಕಾಗಿಲ್ಲ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆಯು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ನೆಲೆಯನ್ನು ಸೇರಿತು. ಅದರ ಒಂದು ಉಪಕರಣವು ಸೂರ್ಯಬಿಂಬವನ್ನು ತಾನೇ ಮರೆಮಾಡಿ ಪ್ರಭಾವಲಯವನ್ನು ನೋಡುತ್ತದೆ. ಅದನ್ನು ನಿರ್ಮಿಸಿದುದು ಅಂದು ಜವಳಗೇರಾಕ್ಕೆ ಬಂದಿದ್ದ ಅದೇ ಸಂಸ್ಥೆ.

ಒಂದು ತಾರೆಯನ್ನು ಅರಿತರೆ ಅದರ ಬಳಗವನ್ನೂ ಅರಿಯುವ ದಾರಿ ತೆರೆಯುತ್ತದೆ. ಆ ಬಳಗವೋ ಅಪಾರ. ನಾವು ಆಕಾಶಗಂಗೆಯೆಂದೂ, ಬಂಗಾಳಿಗಳು ಛಾಯಾಪಥವೆಂದೂ ಕರೆಯುವ ಆ ಮಸುಕಾದ ಪಟ್ಟಿಯೇ ನಮ್ಮ ನಕ್ಷತ್ರಲೋಕ. ಅದರಲ್ಲಿ ಹತ್ತು ಸಾವಿರ ಕೋಟಿಗೂ ಹೆಚ್ಚು ಸೂರ್ಯರಿದ್ದಾರೆ. ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಬೆಳಕಿನ ಪಯಣ ಸುಮಾರು ಒಂದು ಲಕ್ಷ ವರ್ಷ. ಅದರಾಚೆ ದೇವಯಾನಿಯೆಂಬ ಇನ್ನೊಂದು ನಕ್ಷತ್ರಲೋಕವಿದೆ. ಅದರ ಬೆಳಕು ಇಪ್ಪತ್ತೈದು ಲಕ್ಷ ವರ್ಷಗಳ ಹಿಂದೆ ಹೊರಟದ್ದು. ಅಂಥ ಲೋಕಗಳೂ ಎಣಿಕೆಗೆ ಸಿಗದಷ್ಟಿವೆ. ಇವೆಲ್ಲವನ್ನೂ ಒಳಗೊಂಡ ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷವೆಂದು ಲೆಕ್ಕ ಹಾಕಿದ್ದಾರೆ.

ಕ್ಯಾಂಪಿನಿಂದ ಮರಳಿದ ಮೇಲೆ ಈ ಮಾತುಗಳನ್ನೆಲ್ಲ ತಾಯಿಗೆ ಹೇಳಿದೆನು. ಮಾಳಿಗೆಯ ಮೇಲೆ ಕುಳಿತಿದ್ದ ಅವರು ಸ್ವಲ್ಪ ತಡೆದು ಕೇಳಿದರು: "ಅವತ್ತ ನಾ ಹೊರಗ ಬಂದಿದ್ರ ಹಗಲಾಗ ಚಿಕ್ಕಿ ಕಾಣ್ತಿದ್ವೇನೋ ತಮ್ಮಾ?"

"ಕಾಣ್ತಿದ್ವು, ಅವ್ವಾ" ಎಂದೆನು.

ಕಿರಿಯ ಮಿತ್ರರೆ, ಹಗಲಿನ ಕತ್ತಲೆ ಒಂದೂರಿಗೆ ಅಪರೂಪವಾಗಿ ಬರುವಂಥದು. ರಾತ್ರಿಯ ಕತ್ತಲೆ ದಿನವೂ ಬರುತ್ತದೆ. ಇಂದು ಊಟವಾದ ಮೇಲೆ ಅಂಗಳದ ದೀಪವನ್ನು ಆರಿಸಿ, ಮನೆಯ ಹಿರಿಯರನ್ನೂ ಕರೆದುಕೊಂಡು ಹೊರಗೆ ಬನ್ನಿರಿ.