ಗಾಳ ಹಾಕುವ ಮುನ್ನ ಒಂದು ಫೋನ್

ಮೀನು ಹಿಡಿಯಲು ಹೋಗೋಣ ಎಂಬ ಮಾತನ್ನು ಮನೆಯಲ್ಲಿ ಎತ್ತುವವರು ಸಾಮಾನ್ಯವಾಗಿ ಗಂಡಸರು, ಇಲ್ಲವೇ ಹದಿಹರೆಯದ ಹುಡುಗರು. ದೋಣಿಯವರ ನಂಬರ್ ಯಾರೋ ಗೆಳೆಯರಿಂದ ಸಿಗುತ್ತದೆ. ಮಾತುಕತೆ ಅವರೇ ನಡೆಸುತ್ತಾರೆ, ಮುಂಗಡ ಹಣವನ್ನೂ ಅವರೇ ಕಳುಹಿಸುತ್ತಾರೆ. ನಮ್ಮ ಪಾಲಿಗೆ ಬರುವುದು ಬುತ್ತಿ ಕಟ್ಟುವುದು ಮತ್ತು ಮಕ್ಕಳಿಗೆ ಬಟ್ಟೆ ತೆಗೆದಿಡುವುದು. ಆದರೆ ದೋಣಿಯಲ್ಲಿ ಮಡಿಲಿಗೆ ಮಗುವನ್ನು ಹಾಕಿಕೊಂಡು ಕೂರುವವರು ನಾವಲ್ಲವೇ? ಹಾಗಿದ್ದ ಮೇಲೆ ಆ ಒಂದು ಫೋನನ್ನು ನಾವೇ ಯಾಕೆ ಮಾಡಬಾರದು?

ನಾನು ಹೇಳುತ್ತಿರುವುದು ಆಳ ಸಮುದ್ರದ ಮೀನುಗಾರಿಕೆಯ ವಿಷಯವಲ್ಲ. ನದಿ ಸಮುದ್ರ ಸೇರುವ ಅಳಿವೆಯ ಒಳಗಿನ ನೀರಿನಲ್ಲಿ, ಅಲ್ಲೇ ಹುಟ್ಟಿ ಬೆಳೆದ ಮೀನುಗಾರರೊಬ್ಬರ ಜೊತೆ ಮೂರು ನಾಲ್ಕು ಗಂಟೆ ಗಾಳ ಹಾಕುತ್ತಾ ಕೂರುವ ವಿಹಾರವಿದು. ನಮ್ಮ ಕರಾವಳಿಯಲ್ಲಿ ಇದಕ್ಕೆ ಹೇಳಿ ಮಾಡಿಸಿದಂಥ ಹೊಳೆಗಳಿವೆ. ಸ್ವರ್ಣಾ ಮತ್ತು ಸೀತಾ ನದಿಗಳು ಒಂದಾಗಿ ಸಮುದ್ರಕ್ಕೆ ಸೇರುವ ಕೋಡಿಬೆಂಗ್ರೆ, ಐದು ಹೊಳೆಗಳು ಕೂಡುವ ಗಂಗೊಳ್ಳಿ, ಹೊನ್ನಾವರದ ಶರಾವತಿ, ಕಾರವಾರದ ಕಾಳಿ. ಕೋಡಿಬೆಂಗ್ರೆಯ ಕಡೆಗೆ ಹೋದವರಿಗೆ ಗೊತ್ತು, ರಸ್ತೆಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ. ಒಳಗೆ ಕುದ್ರುಗಳು, ದಡದುದ್ದಕ್ಕೂ ಕಾಂಡ್ಲಾ ಗಿಡಗಳು. ಆ ಗಿಡಗಳ ಬೇರಿನ ಸಂದಿಯಲ್ಲಿ ಕೆಂಬೇರಿ ಮೀನು ಅಡಗಿರುತ್ತದೆ. ಮರಳು ತಳದಲ್ಲಿ ಕಾಣೆ, ಕಲ್ಲು ಕಂಬಗಳ ಬಳಿ ಇರ್ಪೆ. ಎಲ್ಲಿ ಯಾವುದು ಎಂದು ತಿಳಿದವರು ಜೊತೆಗಿದ್ದರೆ ಮಾತ್ರ ಗಾಳಕ್ಕೆ ಮೀನು, ಇಲ್ಲದಿದ್ದರೆ ಬರೀ ಬಿಸಿಲು.

ಮೊದಲ ತೊಡಕು ತಿಂಗಳಿನದ್ದು. ಗಲ್ಫ್‌ನ ಶಾಲೆಗಳಿಗೆ ದೊಡ್ಡ ರಜೆ ಸಿಗುವುದು ಜುಲೈ ಮತ್ತು ಆಗಸ್ಟ್‌ನಲ್ಲಿ. ಕುಟುಂಬಗಳು ಊರಿಗೆ ಬರುವುದೂ ಆಗಲೇ. ಸುಡುವ ಸೆಕೆಯಿಂದ ಬಂದ ಮಕ್ಕಳಿಗೆ ತುಂಬಿದ ಹೊಳೆ ಕಂಡರೆ ಸ್ವರ್ಗ. "ಉಮ್ಮಾ, ದೋಣಿಯಲ್ಲಿ ಹೋಗೋಣ" ಎಂಬ ಹಠ ಶುರುವಾಗುವುದು ಸರಿಯಾಗಿ ಹೊಳೆ ಎಲ್ಲಕ್ಕಿಂತ ಕೆಟ್ಟದಾಗಿರುವ ದಿನಗಳಲ್ಲಿ. ಘಟ್ಟದ ಮೇಲೆ ಸುರಿದ ಮಳೆ ಕೆಲವೇ ಗಂಟೆಗಳಲ್ಲಿ ಕೆಳಗಿಳಿಯುತ್ತದೆ. ಇಲ್ಲಿ ಬಿಸಿಲಿದ್ದರೂ ನೀರು ಏರುತ್ತಿರುತ್ತದೆ, ಮರದ ದಿಮ್ಮಿಗಳು ತೇಲಿ ಬರುತ್ತವೆ. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವುದು ಮೀನಿನ ಸಂತಾನಕ್ಕಾಗಿ ಎಂದು ನಾವೆಲ್ಲ ಓದಿದ್ದೇವೆ. ಆದರೆ ಆ ದಿನಗಳಲ್ಲಿ ಕಡಲಿಗೆ ಇಳಿದವರ ಜೀವಕ್ಕೆ ಇರುವ ಅಪಾಯವೂ ಸಣ್ಣದಲ್ಲ. ಹುಟ್ಟು ಹಾಕುವ ಸಣ್ಣ ದೋಣಿಗೆ ಆ ನಿಷೇಧ ಅನ್ವಯಿಸುವುದಿಲ್ಲ, ನಿಜ. ಹಾಗೆಂದು ಸಂಸಾರ ಸಮೇತ ಮಳೆಗಾಲದ ಹೊಳೆಗೆ ಇಳಿಯಲು ಅದು ಪರವಾನಗಿಯಲ್ಲ. ನವೆಂಬರ್‌ನಿಂದ ಏಪ್ರಿಲ್ ಒಳ್ಳೆಯ ಕಾಲ. ಬೇಸಗೆಯಲ್ಲಿ ಬಂದವರಿಗೆ ಹೆಂಚಿನ ಮಾಡಿನ ಕೆಳಗೆ ಕೂತು ಮಳೆ ನೋಡುವ ಸುಖವೇನು ಕಡಿಮೆಯೇ?

ಎರಡನೆಯದು ಭರತ ಮತ್ತು ಇಳಿತ. ಇದರಲ್ಲಿ ನಮ್ಮ ಮನೆಗಳಿಗೆ ಒಂದು ಅನುಕೂಲವಿದೆ. ಗೋಡೆಯ ಮೇಲೆ ಹಿಜರಿ ತಾರೀಕಿನ ಕ್ಯಾಲೆಂಡರ್ ಇದೆಯಲ್ಲ, ನೀರಿನ ಲೆಕ್ಕ ಅದರಲ್ಲೇ ಇದೆ. ಕಡಲು ಚಂದ್ರನ ಮಾತು ಕೇಳುತ್ತದೆ. ಹೊಸ ಚಂದ್ರ ಕಂಡ ಮೊದಲ ಎರಡು ಮೂರು ದಿನ, ಮತ್ತೆ ಹುಣ್ಣಿಮೆಯ ಆಸುಪಾಸಿನ 15, 16, 17ನೇ ತಾರೀಕು ಭರತ ಹೆಚ್ಚು ಏರುತ್ತದೆ, ಇಳಿತ ಹೆಚ್ಚು ತಗ್ಗುತ್ತದೆ. ಅಷ್ಟೂ ನೀರು ಕಿರಿದಾದ ಅಳಿವೆಯ ಬಾಯಿಂದಲೇ ಹೋಗಿ ಬರಬೇಕಾದುದರಿಂದ ಅದರ ಸೆಳೆತ ಜೋರು. ಅರ್ಧ ಚಂದ್ರನ ದಿನಗಳಲ್ಲಿ, ಅಂದರೆ 8, 9 ಮತ್ತು 22, 23ರ ಸುಮಾರಿಗೆ, ನೀರಿನ ಓಟ ಸೌಮ್ಯ. ಇದರಿಂದ ಇನ್ನೊಂದು ಸಂಗತಿಯೂ ಗೊತ್ತಾಗುತ್ತದೆ. ಈದುಲ್ ಫಿತ್ರ್ ಶವ್ವಾಲಿನ ಮೊದಲ ದಿನವಾದ್ದರಿಂದ, ಹಬ್ಬದ ಮರುದಿನ ನೆಂಟರೆಲ್ಲ ಸೇರಿ ಹೊಳೆಗೆ ಹೊರಡುವಾಗ ವರ್ಷ ಯಾವುದಾದರೂ ಸೆಳೆತ ಜೋರಾಗಿಯೇ ಇರುತ್ತದೆ. ಬಕ್ರೀದ್ 10ನೇ ತಾರೀಕಿಗೆ ಬರುವುದರಿಂದ ಆಗ ಅಷ್ಟು ರಭಸವಿಲ್ಲ. ಹಬ್ಬದ ಗುಂಪು ದೊಡ್ಡದು, ದೋಣಿಯ ಬೇಡಿಕೆಯೂ ಹೆಚ್ಚು, ನೀರಿನ ಸೆಳೆತವೂ ಹೆಚ್ಚು. ಮೂರೂ ಒಂದೇ ದಿನ ಕೂಡಿಕೊಳ್ಳುವುದು ನನಗಂತೂ ಇಷ್ಟವಾಗದ ಸಂಗತಿ. ಒಂದು ವಾರ ಮುಂದೆ ಹಾಕಿದರೆ ಹೊಳೆಯೂ ತಣ್ಣಗಿರುತ್ತದೆ, ದೋಣಿಯೂ ಸುಲಭವಾಗಿ ಸಿಗುತ್ತದೆ.

ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಹಿಂದಕ್ಕೆ ಸರಿಯುತ್ತದೆ. ಇವತ್ತು ಬೆಳಿಗ್ಗೆ 7ಕ್ಕೆ ತುಂಬಿದ ಹೊಳೆ ನಾಳೆ 8ಕ್ಕೆ ಸ್ವಲ್ಪ ಮುಂಚೆ ತುಂಬುತ್ತದೆ. ನೀರು ಓಡುತ್ತಿರುವಾಗ ಮೀನು ಮೇಯುತ್ತದೆ, ನೀರು ನಿಂತಾಗ ಅದೂ ಸುಮ್ಮನಾಗುತ್ತದೆ. ಆದ್ದರಿಂದ "ಎಷ್ಟು ಗಂಟೆಗೆ ಬರಲಿ?" ಎಂದು ದೋಣಿಯವರನ್ನು ಕೇಳಿ. "ಹತ್ತು ಗಂಟೆಗೆ ಬರುತ್ತೇವೆ" ಎಂದು ನೀವೇ ಹೇಳಿಬಿಡಬೇಡಿ. ಹೊಳೆ ಬಲ್ಲವರಾದರೆ ಮೊದಲು ನಿಮ್ಮ ದಿನ ಕೇಳಿ, ಆಮೇಲೆ ಹೊತ್ತು ಹೇಳುತ್ತಾರೆ. ಯಾವಾಗ ಬಂದರೂ ಆಯಿತು ಎನ್ನುವವರು ಹೊಳೆಯನ್ನು ನೋಡಿ ದುಡಿಯುವವರಲ್ಲ.

ಫೋನಿನಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದಿದೆ. "ಅಣ್ಣಾ, ನಿಮ್ಮ ದೋಣಿಯಲ್ಲಿ ಎಷ್ಟು ಜನ ಕೂರಬಹುದು?"

"ನೀವು ಎಷ್ಟು ಜನ ಇದ್ದೀರಿ ಅಕ್ಕ?" ಎಂಬ ಉತ್ತರ ಬಂದರೆ ಅಲ್ಲಿಗೇ ಸಲಾಂ ಹೇಳಿ ಫೋನ್ ಇಡಿ. ದೋಣಿ ಹೊರುವ ಜನರ ಲೆಕ್ಕ ನಿಮ್ಮ ಕುಟುಂಬದ ಗಾತ್ರ ನೋಡಿ ಬದಲಾಗುವಂಥದ್ದಲ್ಲ.

ಮಲಪ್ಪುರಂ ಜಿಲ್ಲೆಯ ತಾನೂರನ್ನು ಮರೆಯಬಾರದು. 2023ರ ಮೇ 7, ಭಾನುವಾರ. ಪೂರಪ್ಪುಳ ಎಂಬ ಹೊಳೆ ಸಮುದ್ರ ಸೇರುವ ಜಾಗದ ಬಳಿ ಎರಡು ಅಂತಸ್ತಿನ ವಿಹಾರ ದೋಣಿ ಮಗುಚಿ 22 ಜನ ತೀರಿಕೊಂಡರು. ಅವರಲ್ಲಿ 11 ಮಂದಿ ಒಂದೇ ಕುಟುಂಬದವರು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ಶಾಲೆಯ ರಜೆ, ಸಂಜೆಯ ಗಾಳಿ, ನಮ್ಮ ನಿಮ್ಮಂಥವರೇ. ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿ ಅದನ್ನು ಮಾಡಲಾಗಿತ್ತು, ಹೊರಬಹುದಾದುದಕ್ಕಿಂತ ಹೆಚ್ಚು ಜನರನ್ನು ಹತ್ತಿಸಲಾಗಿತ್ತು, ಹೊರಟದ್ದು ಸೂರ್ಯ ಮುಳುಗಿದ ಮೇಲೆ. ಬಹುತೇಕರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ನಮ್ಮಲ್ಲೂ 2019ರ ಜನವರಿ 21ರಂದು ಕಾರವಾರದ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ವಿಧಿ ಎಂದು ಕಣ್ಣೊರೆಸಿಕೊಳ್ಳುವುದು ಸರಿಯೇ. ಆದರೆ ತಾನೂರಿನಲ್ಲಿ ಹತ್ತುವ ಮುಂಚೆ ತಲೆ ಎಣಿಸಿ "ಇಷ್ಟು ಜನರಾದರೆ ನಾವು ಇಳಿಯುತ್ತೇವೆ" ಎನ್ನಬಹುದಾದ ಒಂದು ಕ್ಷಣವೂ ಇತ್ತು. ಆ ಕ್ಷಣದಲ್ಲಿ ಗಂಡಸರು ದುಡ್ಡು ಕೊಟ್ಟ ಮುಜುಗರಕ್ಕೆ, ಹೆಂಗಸರು ಎಲ್ಲರೆದುರು ಮಾತಾಡುವ ಸಂಕೋಚಕ್ಕೆ ಸುಮ್ಮನಿದ್ದುಬಿಡುವುದು ನಮ್ಮ ಸಮಾಜದಲ್ಲಿ ಹೊಸದಲ್ಲ.

ಹಾಗಾಗಿ ಬಾಡಿಗೆಯ ಮಾತು ತಲೆಗಿಷ್ಟು ಎಂದಿರದೆ ಇಡೀ ದೋಣಿಗಿಷ್ಟು ಎಂದಿರಲಿ. ತಲೆ ಲೆಕ್ಕದಲ್ಲಿ ಒಬ್ಬರು ಹೆಚ್ಚಾದಷ್ಟೂ ದೋಣಿಯವರಿಗೆ ಲಾಭ, ಆ ಆಸೆಗೆ ಅವಕಾಶ ಕೊಡುವುದೇಕೆ? ಹವಾಮಾನ ಕೆಟ್ಟರೆ ಮುಂಗಡ ಮರಳುತ್ತದೆಯೋ ಅಥವಾ ಬೇರೆ ದಿನ ಕೊಡುತ್ತಾರೋ ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಿ. ದುಡ್ಡು ಹೋಗುತ್ತದಲ್ಲ ಎಂಬ ಸಂಕಟದಲ್ಲೇ ಎಷ್ಟೋ ಮಂದಿ ಮೋಡ ನೋಡಿಯೂ ಹೊರಡುತ್ತಾರೆ. ಯಂತ್ರದ ದೋಣಿಯಾದರೆ ಜನರನ್ನು ಕರೆದೊಯ್ಯಲು ನೋಂದಣಿ ಮತ್ತು ತಪಾಸಣೆಯ ಪ್ರಮಾಣಪತ್ರ ಇದೆಯೇ ಎಂದು ಕೇಳಿ. ಒಳನಾಡು ಜಲನೌಕೆಗಳಿಗೆ 2021ರ ಕೇಂದ್ರ ಕಾಯಿದೆ ಇದನ್ನು ಕಡ್ಡಾಯ ಮಾಡಿದೆ. ಮೀನುಗಾರಿಕೆಯ ನೋಂದಣಿ ಬೇರೆ, ಪ್ರಯಾಣಿಕರನ್ನು ಒಯ್ಯುವ ಅನುಮತಿ ಬೇರೆ. ಕೊನೆಯದಾಗಿ, "ಅಳಿವೆ ದಾಟುವುದಿಲ್ಲ ತಾನೇ?" ಎಂದು ಖಚಿತ ಮಾಡಿಕೊಳ್ಳಿ. ಹೊರಹೋಗುವ ಇಳಿತದ ನೀರು ಒಳಬರುವ ಅಲೆಗೆ ಎದುರಾಗುವ ಜಾಗವದು. ಅಲೆ ಅಲ್ಲಿ ಗೋಡೆಯಂತೆ ಏಳುತ್ತದೆ, ಮರಳ ದಿಬ್ಬ ಪ್ರತಿ ಮಳೆಗಾಲ ಕಳೆದಾಗ ಜಾಗ ಬದಲಿಸಿರುತ್ತದೆ. ಹುಡುಗರು ಡಾಲ್ಫಿನ್ ನೋಡೋಣ, ಸ್ವಲ್ಪ ಹೊರಗೆ ಹೋಗೋಣ ಎಂದು ಪುಸಲಾಯಿಸಿದರೂ "ಬೇಡ" ಎನ್ನುವ ದೋಣಿಯವರು ಸಿಕ್ಕಿದರೆ ಅವರ ನಂಬರನ್ನು ಜೋಪಾನವಾಗಿ ಬರೆದಿಡಿ.

ಲೈಫ್ ಜಾಕೆಟಿನ ವಿಷಯಕ್ಕೆ ಬರೋಣ. "ಇದೆ ಅಕ್ಕ" ಎಂದರೆ ಸಾಲದು. ಮಕ್ಕಳ ಅಳತೆಯದ್ದು ಎಷ್ಟಿದೆ ಎಂದು ಕೇಳಬೇಕು. ಮಗುವಿಗೆ ತೊಡಿಸಿ ಪಟ್ಟಿ ಬಿಗಿದ ಮೇಲೆ ಎರಡೂ ಹೆಗಲ ಬಳಿ ಜಾಕೆಟನ್ನು ಹಿಡಿದು ಮೇಲಕ್ಕೆತ್ತಿ ನೋಡಿ. ಅದು ಕಿವಿಯವರೆಗೆ ಏರಿ ಬಂದರೆ ನೀರಿನಲ್ಲಿ ಜಾಕೆಟ್ ಮೇಲೆ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ಚಿಕ್ಕ ಮಕ್ಕಳ ಜಾಕೆಟಿಗೆ ಕಾಲ ನಡುವಿನಿಂದ ಬರುವ ಪಟ್ಟಿ ಇರಬೇಕು. ಜಾಕೆಟನ್ನು ದಡದಲ್ಲೇ ತೊಟ್ಟು ಹತ್ತಬೇಕು, ಮತ್ತೆ ದಡಕ್ಕೆ ಬಂದ ಮೇಲೆಯೇ ಬಿಚ್ಚಬೇಕು. ದೊಡ್ಡವರು ಸೆಕೆಯೆಂದು ತೆಗೆದಿಟ್ಟರೆ ಮಕ್ಕಳು ಅದನ್ನೇ ಕಲಿಯುತ್ತಾರೆ.

ನಮ್ಮ ಉಡುಪಿನ ಬಗ್ಗೆ ಯಾರೂ ಹೇಳುವುದಿಲ್ಲವಾದ್ದರಿಂದ ನಾನೇ ಹೇಳುತ್ತೇನೆ. ಕೆಲವು ಸಹೋದರಿಯರು ಜಾಕೆಟ್ ತೊಟ್ಟು ಅದರ ಮೇಲೆ ಬುರ್ಖಾ ಹಾಕಿಕೊಳ್ಳುತ್ತಾರೆ, ಮೈಕಟ್ಟು ಕಾಣಬಾರದೆಂದು. ಇದು ಅಪಾಯ. ಜಾಕೆಟ್ ಎಲ್ಲಕ್ಕಿಂತ ಹೊರಗಿರಬೇಕು. ಅದರ ದಪ್ಪದಲ್ಲಿ ಮೈಕಟ್ಟು ಕಾಣುವುದೂ ಇಲ್ಲ. ಪಾದ ಮುಚ್ಚಿ ನೆಲಕ್ಕೆ ಹರಡುವ ಬುರ್ಖಾ ನೀರು ಹೀರಿ ಕಾಲಿಗೆ ಸುತ್ತಿಕೊಳ್ಳುತ್ತದೆ, ದೋಣಿ ಹತ್ತುವಾಗಲೇ ಎಡವಿಸುತ್ತದೆ. ಸಡಿಲವಾದ ಸಲ್ವಾರ್, ಮಂಡಿಯ ಕೆಳಗಿನವರೆಗಿನ ಉದ್ದ ಅಂಗಿ, ಪಿನ್ ಮಾಡಿ ಒಳಗೆ ಸಿಕ್ಕಿಸಿದ ಮಕ್ಕನ ಸಾಕು. ಇಳಿಬಿಟ್ಟ ದುಪ್ಪಟ್ಟಾ ಬೇಡ. ಗಾಳಿಗೆ ಹಾರಿ ಗಾಳದ ಕೊಕ್ಕೆಗೋ ಎಂಜಿನ್ನಿಗೋ ಸಿಕ್ಕಿಕೊಳ್ಳುತ್ತದೆ. ಹೊರಡುವುದು ಫಜ್ರ್ ನಮಾಝ್ ಮುಗಿದು ಬೆಳಕು ಹರಿದ ಮೇಲೆ, ಇಲ್ಲವೇ ಅಸರ್ ಮುಗಿಸಿ. ಅಸರ್‌ನ ನಂತರ ಹೋದವರು ಮಗ್ರಿಬ್ ಬಾಂಗ್‌ಗೆ ಮುಂಚೆ ದಡದಲ್ಲಿರಬೇಕು. 112 ಮತ್ತು ಕರಾವಳಿ ಕಾವಲು ಪೊಲೀಸರ 1093 ಎರಡನ್ನೂ ಫೋನಿನಲ್ಲಿ ಹಾಕಿಕೊಂಡಿರಿ. ಯಾವ ಜೆಟ್ಟಿಯಿಂದ ಹೊರಟೆವು, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಮನೆಯಲ್ಲಿ ಉಳಿದವರಿಗೆ ತಿಳಿಸಿ.

ಗಾಳಕ್ಕೆ ಮೀನು ಕಚ್ಚಿದ ಕ್ಷಣದಲ್ಲಿ ಎಲ್ಲರೂ ಎದ್ದು ಒಂದೇ ಬದಿಗೆ ಓಡುತ್ತಾರೆ. ಫೋಟೋ ಬೇಕಲ್ಲ! ಸಣ್ಣ ದೋಣಿಗೆ ಅಷ್ಟು ಸಾಕು. ಯಾರಿಗೆ ಕಚ್ಚಿತೋ ಅವರು ಮಾತ್ರ, ಅದೂ ಕೂತಲ್ಲೇ. ಗಾಳ ಬೀಸುವವರ ಹಿಂದೆ ಮಕ್ಕಳನ್ನು ಕೂರಿಸಬಾರದು. ಮೀಸೆಯಿರುವ ತೇಡೆ ಮೀನು, ಬಾಲದಲ್ಲಿ ಮುಳ್ಳಿರುವ ತೊರಕೆ ಗಾಳಕ್ಕೆ ಬಂದರೆ ಕೈಹಾಕದೆ ದೋಣಿಯವರಿಗೆ ಬಿಡಿ. ಅವುಗಳ ಮುಳ್ಳಿನಲ್ಲಿ ವಿಷವಿದೆ. ಚುಚ್ಚಿದರೆ ಸಹಿಸಬಹುದಾದಷ್ಟು ಬಿಸಿಯ ನೀರಿನಲ್ಲಿ ಆ ಭಾಗವನ್ನು ಅದ್ದಿ ಇಟ್ಟರೆ ನೋವು ಇಳಿಯುತ್ತದೆ, ಆಮೇಲೆ ವೈದ್ಯರಲ್ಲಿಗೆ. ಮಂಜುಗಡ್ಡೆ ಇಡುವುದರಿಂದ ಪ್ರಯೋಜನವಿಲ್ಲ. ಹಾಗಾಗಿ ಬುತ್ತಿಯ ಜೊತೆ ಒಂದು ಫ್ಲಾಸ್ಕ್ ಬಿಸಿ ನೀರು ಇರಲಿ. ತಣ್ಣೀರು ಬೆರೆಸಿ ನಿಮ್ಮ ಕೈಯಲ್ಲಿ ಮೊದಲು ಹದ ನೋಡಿ.

ಸಿಕ್ಕಿದ ಮೀನು ಯಾರದ್ದು ಎಂಬುದೂ ಬುಕಿಂಗ್ ಹೊತ್ತಿನಲ್ಲೇ ಇತ್ಯರ್ಥವಾಗಬೇಕಾದ ಮಾತು. ಕೆಲವರು ಎಲ್ಲವನ್ನೂ ಕೊಡುತ್ತಾರೆ, ಕೆಲವರು ಅರ್ಧ ಇಟ್ಟುಕೊಳ್ಳುತ್ತಾರೆ. ಅಂಗೈಯಷ್ಟೂ ಇಲ್ಲದ ಮರಿಗಳನ್ನು ಒದ್ದೆ ಕೈಯಲ್ಲಿ ಹಿಡಿದು ನೀರಿಗೇ ಬಿಡಿಸಿ, ಮೊಟ್ಟೆ ಹೊತ್ತ ಏಡಿಯನ್ನೂ. ಅಂದ ಹಾಗೆ, ಘಟ್ಟದ ಮೇಲಿನಿಂದ ಬಂದ ಹನಫಿ ನೆಂಟರು ಜೊತೆಗಿದ್ದರೆ ಏಡಿ ಸಿಕ್ಕಿತೆಂದು ಅವರ ಮುಂದೆ ಸಂಭ್ರಮಿಸುವ ಮೊದಲು ನೆನಪಿಡಿ, ಅವರಲ್ಲಿ ಅದನ್ನು ತಿನ್ನುವುದಿಲ್ಲ. ನಾವು ಶಾಫಿಗಳು ಸಾರು ಮಾಡಿ ಚಪ್ಪರಿಸುತ್ತೇವೆ. ಅವರಿಗೆ ಎರಡು ಕಾಣೆ ಬೇರೆ ಪಾತ್ರೆಯಲ್ಲಿ ಹುರಿದಿಟ್ಟರೆ ಆಯಿತು.

ಹೊಳೆ ಮೀನನ್ನು ದೋಣಿಯಲ್ಲೇ ಮಂಜುಗಡ್ಡೆಗೆ ಹಾಕಿ, ಮನೆಗೆ ಬಂದ ಕೂಡಲೇ ಹೊಟ್ಟೆ ಬಿಡಿಸಿ, ಕೆಸರಿನ ವಾಸನೆ ಇದ್ದರೆ ಹುಣಸೆ ರಸ ಮತ್ತು ಉಪ್ಪಿನಲ್ಲಿ ಸ್ವಲ್ಪ ಹೊತ್ತು ನೆನೆಸಿಡಿ. ಮಸಾಲೆಯನ್ನು ಮಾತ್ರ ಬೆಳಿಗ್ಗೆಯೇ ಅರೆದಿಡಬೇಡಿ. ನಾಲ್ಕು ಗಂಟೆ ಕೂತು ಬರಿಗೈಯಲ್ಲಿ ಬರುವ ದಿನಗಳೂ ಇವೆ. ಅಂಥ ದಿನಕ್ಕೆ ಮೊಟ್ಟೆ ಇದ್ದರೆ ಒಳ್ಳೆಯದು.