ಮೋಹಿನಿಗೆ ಭಾಷೆ ಬೇಡವೇ?

ಚೆಲುವಾದ ದೆವ್ವವನ್ನು ಹುಟ್ಟಿಸುವುದು ಸುಲಭದ ಕೆಲಸ ಎಂದು ನಮ್ಮ ಹುಡುಗರು ತಿಳಿದಿದ್ದಾರೆ. ಅದು ಸುಲಭವೂ ಅಲ್ಲ, ನಿರಪಾಯವೂ ಅಲ್ಲ ಎನ್ನುವುದು ನನ್ನ ವಾದ.

ನಾನು ಕುಂಬಳೆ ಸೀಮೆಯವನು. ಹೊಟ್ಟೆಪಾಡಿಗೆ ಮಿರಜಿಗೆ ಬಂದು ಇಲ್ಲಿಯೇ ನೆಲೆನಿಂತವನು. ಮಿರಜ್, ಸಾಂಗಲಿ ಎರಡೂ ಒಂದಕ್ಕೊಂದು ಅಂಟಿಕೊಂಡ ಊರುಗಳು. ಬೀದಿಯಲ್ಲಿ ಮರಾಠಿ, ಎಷ್ಟೋ ಮನೆಗಳೊಳಗೆ ಕನ್ನಡ. ಇದೇ ಜಿಲ್ಲೆಯ ಜತ್ತ ತಾಲೂಕಿಗೆ ಹೋದರೆ ಕನ್ನಡ ಶಾಲೆಗಳೇ ಇವೆ. ಸಾಂಗಲಿಯಲ್ಲಿ ಇಂಜಿನಿಯರಿಂಗ್ ಓದುವ ನನ್ನ ಸೋದರಳಿಯನಿಗೂ ಅವನ ಗೆಳೆಯರಿಗೂ ಈಗ ಒಂದು ಆಟದ ಹುಚ್ಚು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂದು ಹೆಸರು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಹೊರತಂದದ್ದು. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ ಆ ಪಾತ್ರದ ಬಾಯಿಂದಲೇ ಮಾತಾಡುತ್ತಾರೆ. ಗೆಲುವು ಯಾರದು ಎಂಬ ಸಂಶಯ ಬಂದಲ್ಲಿ ದಾಳ ಉರುಳಿಸುತ್ತಾರೆ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಒಂದು ಲೋಕ ಕಟ್ಟುವುದು. ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ? ದಾಳವನ್ನು ಬದಿಗಿಟ್ಟರೆ ಇದು ತಾಳಮದ್ದಳೆಯ ದೂರದ ನೆಂಟ. ಆದ್ದರಿಂದ ಆಟದ ಮೇಲೆ ನನಗೆ ಸಿಟ್ಟಿಲ್ಲ. ನನ್ನ ತಕರಾರು ಅವರು ಅದಕ್ಕಾಗಿ ತಯಾರಿಸಿದ ದೆವ್ವದ ಮೇಲೆ.

ಆ ಆಟದಲ್ಲಿ ಎದುರಾಗುವ ಪ್ರತಿ ಘೋರಜೀವಿಗೂ ಜಾತಕದಂಥ ಒಂದು ಹಾಳೆ ಇರುತ್ತದೆ. ಬಲವೆಷ್ಟು, ಜೀವವೆಷ್ಟು, ಯಾವುದಕ್ಕೆ ಬಗ್ಗುತ್ತದೆ, ಯಾವ ಭಾಷೆ ಬಲ್ಲದು ಎಂದೆಲ್ಲ ಅದರಲ್ಲಿ ತುಂಬಬೇಕು. ನಮ್ಮ ಹುಡುಗರು ‘ಮೋಹಿನಿ’ ಎಂದು ಹೆಸರಿಟ್ಟು ತುಂಬಿದ್ದರು. ಆಕರ್ಷಣೆ: 20. ಉಡುಪು: ಬಿಳಿ ಸೀರೆ, ಅದೂ ತೆಳ್ಳಗಿನದು. ಶಕ್ತಿ: ಮುತ್ತಿಟ್ಟು ಆಯುಸ್ಸು ಹೀರುವುದು. ಕೊಲ್ಲುವ ಬಗೆ: ನೆತ್ತಿಗೆ ಕಬ್ಬಿಣದ ಮೊಳೆ. ಭಾಷೆ ಎಂಬಲ್ಲಿ ಬರೀ ಒಂದು ಗೆರೆ. “ಇದೇನೋ?” ಎಂದೆ. “ಅವಳಿಗೆ ಮಾತು ಯಾಕೆ ಮಾವ? ಚಂದ ಇದ್ದರೆ ಸಾಕಲ್ಲ” ಎಂದ ಅಳಿಯ. ಗುಂಪಿನಲ್ಲಿ ಜತ್ತದ ಕನ್ನಡದ ಹುಡುಗನಿದ್ದಾನೆ, ಮಿರಜಿನ ಮರಾಠಿಯವನಿದ್ದಾನೆ, ಕಣ್ಣೂರು ಕಡೆಯ ಹುಡುಗಿಯೂ ಇದ್ದಾಳೆ. ಮೂರು ಭಾಷೆಯವರು ಕೂಡಿ ಹೆತ್ತ ದೆವ್ವಕ್ಕೆ ಒಂದು ಭಾಷೆಯೂ ಇಲ್ಲ!

ಈ ಮೂಕ ಮೋಹಿನಿಯ ತವರು ನಮ್ಮದಲ್ಲ. 1977ರಲ್ಲಿ ಆ ಆಟದ ಘೋರಜೀವಿಗಳ ಕೋಶ ಬಂತು. ಅದರಲ್ಲಿ ‘ಸಕ್ಯೂಬಸ್’ ಎಂಬ ಯುರೋಪಿನ ಮಾಯಾವಿನಿ ಇದ್ದಾಳೆ. ಆಕೆ ಮುತ್ತಿಟ್ಟರೆ ಆಟಗಾರನ ಸಾಮರ್ಥ್ಯ ಒಂದು ಮೆಟ್ಟಿಲು ಇಳಿಯುತ್ತದೆ. ನಮ್ಮ ಹುಡುಗರು ಆಕೆಗೇ ಬಿಳಿ ಸೀರೆ ಉಡಿಸಿದ್ದಾರೆ, ಅಷ್ಟೆ. ಅದೇ ಕೋಶದಲ್ಲಿ ನಮ್ಮ ರಾಕ್ಷಸನೂ ಇದ್ದಾನೆ: ಹುಲಿಯ ತಲೆ, ಬಾಯಲ್ಲಿ ಹೊಗೆಕೊಳವೆ, ತಿರುಗುಮುರುಗಾದ ಅಂಗೈ. ವೇದಗಳನ್ನು ಬಲ್ಲ ರಾವಣನ ಕುಲಕ್ಕೆ ಒದಗಿದ ಗತಿ! ಆದರೆ ದೂರದ ಅಮೆರಿಕದವರನ್ನು ಬೈದು ಫಲವೇನು? ಅವರಿಗೆ ತಿಳಿದಷ್ಟು ಅವರು ಮಾಡಿದರು. ಅಜ್ಜಿಯ ಮಡಿಲಲ್ಲಿ ಕಥೆ ಕೇಳಿ ಬೆಳೆದ ನಾವು ಅದನ್ನೇ ಎರವಲು ತಂದರೆ ನಾಚಿಕೆಗೇಡು ಯಾರಿಗೆ?

ನಮ್ಮಲ್ಲಿ ಇಂಥವಳಿಗೆ ಇರುವ ಹೆಸರನ್ನೇ ನೋಡಿ. ಯಕ್ಷಿ. ಈ ಸೀಮೆಯ ಜೈನರಿಗೆ ಯಕ್ಷಿ ಎಂದರೆ ಕಾಯುವ ತಾಯಿ. ಪಾರ್ಶ್ವನಾಥನ ಪಕ್ಕದ ಪದ್ಮಾವತಿ ಯಕ್ಷಿಯೇ. ಅದೇ ಶಬ್ದ ಕನ್ನಡದಲ್ಲಿ ‘ಜಕ್ಕಿಣಿ’ ಆದಾಗ ಮುತ್ತೈದೆಯಾಗಿ ತೀರಿಕೊಂಡು ಮನೆಯನ್ನು ಬಿಡಲಾಗದೆ ಉಳಿದವಳಾಗುತ್ತಾಳೆ. ಮರಾಠಿಯಲ್ಲಿ ಅವಳು ‘ಜಖೀಣ’. ಮಲಯಾಳಕ್ಕೆ ಇಳಿದರೆ ತಾಳೆಮರದ ಕೆಳಗೆ ನಿಂತು ದಾರಿಹೋಕನೊಡನೆ ವೀಳ್ಯಕ್ಕೆ ಸುಣ್ಣ ಕೇಳುವ ಯಕ್ಷಿ. ಬೆಳಗಾಗುವಾಗ ಅವನದೆಂದು ಉಳಿಯುವುದು ಕೂದಲು ಮತ್ತು ಉಗುರು. ಒಂದೇ ಶಬ್ದ ನಾಲ್ಕು ಅಂಗಳ ದಾಟಿ ನಾಲ್ಕು ಹೆಂಗಸರಾಗಿದೆ. ಇದಕ್ಕಿಂತ ದೊಡ್ಡ ಬಂಡವಾಳ ಯಾವ ಆಟ ಕಟ್ಟುವವನಿಗೆ ಸಿಕ್ಕೀತು?

ಇವರು ಯಾರೂ ಸುಮ್ಮನೆ ದೆವ್ವವಾದವರಲ್ಲ. ಈ ವಾರ್ಷಿಕದ ಮಲಯಾಳ ಪುಟಗಳನ್ನು ಓದುವವರಿಗೆ ಕಳ್ಳಿಯಂಕಾಟ್ಟು ನೀಲಿಯ ಕಥೆ ಗೊತ್ತು: ಆಭರಣದ ಆಸೆಗೆ ಗಂಡನೇ ಕೊಂದ ಹೆಣ್ಣು ಸೇಡಿಗೆ ಹಿಂದಿರುಗಿದಳು. 2025ರ ‘ಲೋಕಃ’ ಚಿತ್ರ ಅವಳನ್ನೇ ನಾಯಕಿಯಾಗಿಸಿ ಗೆದ್ದಿತು. ಇಲ್ಲಿ ಮರಾಠಿ ನೆಲದಲ್ಲಿ ‘ಹಡಳ’ ಇದ್ದಾಳೆ. 1924ರಲ್ಲಿ ಪ್ರಕಟವಾದ ಎಂಥೋವನ್ನರ ಮುಂಬಯಿ ಪ್ರಾಂತದ ಜಾನಪದ ಗ್ರಂಥದಲ್ಲೂ ಅವಳು ಬರುತ್ತಾಳೆ. ಮುಂದಿನಿಂದ ಮೈದುಂಬಿದ ಹೆಣ್ಣು, ಬೆನ್ನ ಕಡೆ ಬರೀ ಎಲುಬು. ಯಾರಿವಳು? ಬಸುರಿಯಾಗಿಯೋ ಬಾಣಂತಿಯಾಗಿಯೋ ಸತ್ತವಳು. ಮಿರಜ್ ಇಂದು ಆಸ್ಪತ್ರೆಗಳ ಊರು. 1890ರ ದಶಕದಲ್ಲಿ ವಿಲಿಯಂ ವಾನ್ಲೆಸ್ ಇಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದರು. ಅದಕ್ಕೂ ಮುಂಚೆ ಹೆರಿಗೆಯಲ್ಲಿ ಹೋದ ಹೆಣ್ಣುಗಳನ್ನು ಬರೆದಿಟ್ಟವರು ಯಾರು? ಊರು ಅವರನ್ನು ನೆನಪಿಟ್ಟುಕೊಂಡದ್ದು ಹಡಳ ಎಂಬ ಭಯದ ಹೆಸರಿನಲ್ಲಿ.

ನಮ್ಮ ಕಾಸರಗೋಡು, ಕಣ್ಣೂರು ಕಡೆಯ ತೆಯ್ಯಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅತ್ತಿಗೆಯರ ಚಾಡಿ ನಂಬಿದ ಅಣ್ಣಂದಿರು ಮಕ್ಕಳ ಸಮೇತ ಕೊಂದ ಮಾಕ್ಕಂ ಇಂದು ದೈವ. ಮುಚ್ಚಿಲೋಟ್ ಭಗವತಿ ವಿದ್ವಾಂಸರನ್ನು ವಾದದಲ್ಲಿ ಗೆದ್ದ ಕನ್ಯೆ. ರಸಗಳಲ್ಲಿ ಕಾಮವೇ ದೊಡ್ಡದು, ನೋವುಗಳಲ್ಲಿ ಹೆರಿಗೆಯ ನೋವೇ ದೊಡ್ಡದು ಎಂದದ್ದಕ್ಕೆ, ಮದುವೆಯಾಗದವಳಿಗೆ ಅದು ಹೇಗೆ ಗೊತ್ತು ಎಂದು ಕಳಂಕ ಹೊರಿಸಿ ಹೊರಹಾಕಿದರು. ಆಕೆ ಬೆಂಕಿಗೆ ಬಿದ್ದಳು, ದೈವವಾಗಿ ಎದ್ದಳು. ಶೃಂಗಾರದ ಮಾತಾಡಿದ ಹೆಣ್ಣಿಗೆ ಊರು ಏನು ಮಾಡುತ್ತದೆ ಎಂಬ ಪ್ರಶ್ನೆ ಆ ಕಥೆಯ ಒಳಗೇ ಉರಿಯುತ್ತಿದೆ. ತೆಯ್ಯಂ ಅವಳ ಬಾಯಿ ಕಟ್ಟಲಿಲ್ಲ, ನುಡಿ ಕೊಟ್ಟಿತು.

ಮೋಹವೂ ಮಾತಿನಲ್ಲೇ ಇರುವುದು. ಯಕ್ಷಿ ಸುಣ್ಣ ಕೇಳದೆ ಬರೀ ನಿಂತಿದ್ದರೆ ದಾರಿಹೋಕ ಹೆದರಿ ಓಡುತ್ತಿದ್ದ. 1990ರ ದಶಕದಲ್ಲಿ ಕರ್ನಾಟಕದ ಊರೂರಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ಯಾಕೆ? ಆ ದೆವ್ವ ಮನೆಯವರ ದನಿಯಲ್ಲೇ ಕರೆಯುತ್ತದೆ ಎಂದು. ಬರೆದದ್ದು ಕನ್ನಡದಲ್ಲಿ, ಓದಿ ಹಿಂದಿರುಗಿದ ದೆವ್ವವೂ ಕನ್ನಡ ಬಲ್ಲದ್ದು! ನಮ್ಮ ಪಾರ್ತಿಸುಬ್ಬನ ಪಂಚವಟಿಯ ಶೂರ್ಪನಖಿ ದೆವ್ವವಲ್ಲ ನಿಜ, ಆದರೆ ಪಾಠ ಅದೇ. ಘೋರ ರೂಪಕ್ಕೆ ಒಬ್ಬ ವೇಷಧಾರಿ, ಮಾಯಾ ರೂಪಕ್ಕೆ ಇನ್ನೊಬ್ಬ. ಮಾಯೆಯ ವೇಷ ಸಭೆಯನ್ನು ಗೆಲ್ಲುವುದು ಸೀರೆಯಿಂದಲ್ಲ, ರಾಮನೊಡನೆ ನಡೆಸುವ ಸಂವಾದದಿಂದ. ಸಾಂಗಲಿಯವರು ಇದನ್ನು ಮರೆಯಲೇಬಾರದು. 1842ರಲ್ಲಿ ಉತ್ತರ ಕನ್ನಡದ ಭಾಗವತ ಮೇಳವೊಂದು ಇಲ್ಲಿ ಬಯಲಾಟ ಆಡಿತು. ಅದನ್ನು ಮೆಚ್ಚಿದ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನರು ಮರಾಠಿಯಲ್ಲೂ ಇಂಥದ್ದು ಬೇಕೆಂದರು. ಮರುವರ್ಷ ವಿಷ್ಣುದಾಸ ಭಾವೆಯವರ ‘ಸೀತಾಸ್ವಯಂವರ’ ರಂಗಕ್ಕೆ ಬಂತು. ಮರಾಠಿ ರಂಗಭೂಮಿ ಹುಟ್ಟಿದ ದಿನವೆಂದು ಅದನ್ನೇ ಎಣಿಸುತ್ತಾರೆ. ಕನ್ನಡದ ರಾಕ್ಷಸರಿಂದ ಮಾತು ಕಲಿತ ಊರಿನಲ್ಲೇ ಈಗ ಮೋಹಿನಿ ಮೂಕಿಯಾಗಬೇಕೇ?

ವಿಚಾರವಾದಿ ಮಿತ್ರರು ಆಕ್ಷೇಪಿಸಬಹುದು: ದೆವ್ವಕ್ಕೆ ಇಷ್ಟು ಉಪಚಾರ ಮಾಡಿ ಮೂಢನಂಬಿಕೆ ಬಿತ್ತುತ್ತೀರಾ? ಇಲ್ಲ ಸ್ವಾಮಿ. 2013ರಲ್ಲಿ ಕೊಲೆಯಾದ ನರೇಂದ್ರ ದಾಭೋಳಕರರು ಮಿರಜಿನಲ್ಲೇ ವೈದ್ಯ ಓದಿದವರು. ಅವರು ಹೋರಾಡಿದ ಕಾಯಿದೆ ಅವರ ಸಾವಿನ ಬಳಿಕ ಅದೇ ವರ್ಷ ಮಹಾರಾಷ್ಟ್ರದಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸುವ ನೆಪದಲ್ಲಿ ಮನುಷ್ಯರನ್ನು ಹೊಡೆಯುವುದು ಈಗ ಇಲ್ಲಿ ಅಪರಾಧ. ಹಾಗಿರುವಾಗ, ಮೈಮೇಲೆ ಬಂದಿದೆ ಎಂದು ಬಡಿಸಿಕೊಂಡ ಹೆಣ್ಣುಗಳ ನಾಡಿನಲ್ಲಿ, ಮಾತಾಡದ ಚೆಲುವೆಯ ನೆತ್ತಿಗೆ ಮೊಳೆ ಹೊಡೆಯುವುದನ್ನೇ ಗೆಲುವು ಎಂದು ಕಲಿಸುವ ಆಟವಲ್ಲವೇ ಮೂಢ? ದೆವ್ವ ಉಂಟೆಂದು ನಾನು ನಂಬುವುದಿಲ್ಲ. ಅನ್ಯಾಯ ಉಂಟು ಎಂಬುದಕ್ಕೆ ಮಾತ್ರ ಸಾಕ್ಷಿ ಬೇಕಿಲ್ಲ.

ಇನ್ನು ಕೆಲವರು, ಆಟ ಆಟವೇ, ಇಷ್ಟು ಭಾರ ಯಾಕೆ ಎನ್ನುತ್ತಾರೆ. ಸರಿ, ಆಟದ ಲೆಕ್ಕದಲ್ಲೇ ನೋಡೋಣ. ಮಾತಾಡದ ಮೋಹಿನಿ ನಾಲ್ಕು ಸಲ ದಾಳ ಉರುಳುವಷ್ಟರಲ್ಲಿ ಸಾಯುತ್ತಾಳೆ. ಸುಣ್ಣ ಕೇಳುವವಳನ್ನು ಆಡಿನೋಡಿ. ಕೊಡಬೇಕೋ ಬಾರದೋ? ಕೊಟ್ಟರೆ ಯಾವ ಭಾಷೆಯಲ್ಲಿ ಉತ್ತರಿಸಬೇಕು? ಅವಳನ್ನು ಕೊಂದವನು ಊರಲ್ಲಿ ಇನ್ನೂ ಇದ್ದಾನೆಯೇ? ಇಲ್ಲಿ ಹೆಂಗಸರು ಉಡಿ ತುಂಬುತ್ತಾರೆ. ಜಕ್ಕಿಣಿಗೆ ಸೀರೆ ಇಡುವ ಮನೆಗಳಿವೆ. ಕತ್ತಿ ಎತ್ತದೆ ತೆಂಗಿನಕಾಯಿ, ಅಕ್ಕಿ, ಕಣವನ್ನು ಉಡಿಗೆ ಹಾಕಿ ಅವಳ ಮಾತು ಕೇಳಿದವನು ಗೆದ್ದ ಎಂದು ನಿಯಮ ಬರೆಯಿರಿ. ಒಂದು ರಾತ್ರಿಗೆ ಮುಗಿಯುವ ಆಟವಲ್ಲ ಅದು.

ಅಲ್ಪಸಂಖ್ಯಾತರಾದ ನಮಗೆ ಇದು ಬರೀ ದೆವ್ವದ ಪ್ರಶ್ನೆಯೂ ಅಲ್ಲ. ಕಚೇರಿಯ ಅರ್ಜಿಯಲ್ಲಿ, ಅಂಗಡಿಯ ಹಲಗೆಯಲ್ಲಿ ನಮ್ಮ ಭಾಷೆ ಇಲ್ಲವೆಂದು ನಾವು ಕಾಸರಗೋಡಿನಲ್ಲೂ ಜತ್ತದಲ್ಲೂ ಕೂಗುತ್ತಾ ಬಂದಿದ್ದೇವೆ. ಆ ಹಾಳೆಯ ಮೇಲೆ ನಮ್ಮ ಮಕ್ಕಳೇ ಸ್ವಂತ ಕೈಯಿಂದ ಗೆರೆ ಎಳೆದರೆ ಯಾರೊಡನೆ ಕೂಗುವುದು? ಭಾಷೆ ಎಂಬ ಜಾಗವನ್ನು ತುಂಬಲಿ. ಕನ್ನಡ ಎಂದು ಬರೆಯಲಿ, ಪಕ್ಕದಲ್ಲಿ ಮಲಯಾಳ, ಮರಾಠಿ, ತುಳು ಎಂದೂ ಬರೆಯಲಿ. ಗಡಿಯ ದೆವ್ವಕ್ಕೆ ನಾಲ್ಕೂ ಬರುತ್ತದೆ. ಬರೆಯುವ ಮುಂಚೆ ಮನೆಯ ಹಿರಿಯ ಹೆಂಗಸೊಬ್ಬರ ಹತ್ತಿರ ಕೂತು, ಇಲ್ಲಿ ಸತ್ತು ಹೋದವಳು ಯಾರು, ಅವಳಿಗೆ ಏನು ಬೇಕಿತ್ತು ಎಂದು ಕೇಳಲಿ. ಉಳಿದ ಅಂಕಿಗಳನ್ನು ಆಮೇಲೆ ತುಂಬಬಹುದು.