ಬಿಚ್ಚಿದ ಕಟ್ಟು

ಮನೆಯಲ್ಲಿ ಮೂರನೆಯ ತರಗತಿಯ ಮಗುವೊಂದಿದ್ದರೆ, ರಾತ್ರಿ ಹತ್ತು ಗಂಟೆಗೆ ಆ ಮನೆಯ ಯಜಮಾನರು ಏನು ಮಾಡುತ್ತಿರುತ್ತಾರೆಂದು ಊಹಿಸುವುದು ಕಷ್ಟವಲ್ಲ. ಥರ್ಮೋಕೋಲನ್ನು ಕೊಯ್ದು ಜ್ವಾಲಾಮುಖಿಯನ್ನೋ ಸೌರವ್ಯೂಹವನ್ನೋ ಕಟ್ಟುತ್ತಿರುತ್ತಾರೆ. ಗೃಹಿಣಿ ಬಣ್ಣ ಬಳಿಯುತ್ತಿರುತ್ತಾರೆ. ಯಾರ ಹೆಸರಿನಲ್ಲಿ ಈ ಉತ್ಸವ ನಡೆದಿದೆಯೋ ಆ ವಿದ್ಯಾರ್ಥಿ ಮಾತ್ರ ಸುಖನಿದ್ರೆಯಲ್ಲಿರುತ್ತಾನೆ. ಮರುದಿನ ಅವನಿಗೆ ಹತ್ತಕ್ಕೆ ಹತ್ತು ಅಂಕ! ಇದಕ್ಕೆ 'ಚಟುವಟಿಕೆಯ ಮೂಲಕ ಕಲಿಕೆ' ಎಂದು ಹೆಸರು.

ಹೆಸರೇನೋ ಒಳ್ಳೆಯದೇ. ಆದರೆ ಚಟುವಟಿಕೆ ಯಾರದು, ಕಲಿಕೆ ಯಾರದು?

ಒಂದು ಸಣ್ಣ ಲೆಕ್ಕವನ್ನು ತೆಗೆದುಕೊಳ್ಳೋಣ. 32ರಲ್ಲಿ 15ನ್ನು ಕಳೆಯಬೇಕು. ಎರಡರಲ್ಲಿ ಐದು ಹೋಗದು. 'ಪಕ್ಕದ ಮನೆಯಿಂದ ಸಾಲ ತಾ' ಎಂದು ನಮಗೆಲ್ಲ ಹೇಳಿಕೊಟ್ಟರು. ತಂದದ್ದು ಒಂದು, ಅದು ಹತ್ತಾದದ್ದು ಹೇಗೆ? ಸಾಲವೆಂದ ಮೇಲೆ ತೀರಿಸುವುದು ಎಂದು? ಹೀಗೆ ಕೇಳಿದ ಮಗು ದಡ್ಡನೆನಿಸಿಕೊಂಡಿತು. ಅದೇ ಮಗುವಿನ ಕೈಗೆ ಹತ್ತು ಹತ್ತು ಕಡ್ಡಿಗಳ ಮೂರು ಕಟ್ಟುಗಳನ್ನೂ ಎರಡು ಬಿಡಿ ಕಡ್ಡಿಗಳನ್ನೂ ಕೊಡಿ. ಅದು ತಾನಾಗಿಯೇ ಒಂದು ಕಟ್ಟನ್ನು ಬಿಚ್ಚುತ್ತದೆ. ಈಗ ಬಿಡಿ ಕಡ್ಡಿಗಳು ಹನ್ನೆರಡು. ಐದನ್ನು ತೆಗೆದರೆ ಏಳು, ಒಂದು ಕಟ್ಟನ್ನು ತೆಗೆದರೆ ಉಳಿಯುವುದೊಂದು ಕಟ್ಟು, ಉತ್ತರ 17. ಸಾಲದ ಮಾತೇ ಬರಲಿಲ್ಲ.

ಅಕ್ಷರಕ್ಕೂ ಇದೇ ನ್ಯಾಯ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು, ಆಂಧ್ರದ ಋಷಿವ್ಯಾಲಿಯ ಗ್ರಾಮಶಾಲೆಗಳನ್ನು ಕಂಡುಬಂದು 'ನಲಿ-ಕಲಿ'ಯನ್ನು ಆರಂಭಿಸಿದರು. 2009–10ರಲ್ಲಿ ಅದು ನಾಡಿನ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಅಲ್ಲಿ ಮಗು ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲನ್ನು ಕಂಡುಕೊಂಡು, ಅದರ ಗುರುತಿನ ಕಾರ್ಡನ್ನು ತಾನೇ ಆರಿಸಿ ತರುತ್ತದೆ. ಓದು ಅ-ಆ-ಇ-ಈ ಎಂದು ತೊಡಗುವುದಿಲ್ಲ. ಮೊದಲ ಅಕ್ಷರಗಳು ರ, ಗ, ಸ, ದ, ಅ. ಏತಕ್ಕೆಂದರೆ, ಈ ಐದರಿಂದಲೇ ಸರ, ಅರಸ, ಅಗಸ, ದಸರ, ಗರಗಸ ಎಂಬ ಪದಗಳು ಕೂಡಿಬರುತ್ತವೆ. ಐವತ್ತು ಅಕ್ಷರಗಳ ಗಿಣಿಪಾಠ ಮುಗಿಯುವವರೆಗೆ ಮಗು ಅರ್ಥಕ್ಕಾಗಿ ಕಾಯಬೇಕಾಗಿಲ್ಲ.

'ಆಟವೇ ಆಯಿತು, ಬರೆದದ್ದೆಲ್ಲಿ?' ಎಂದು ತಂದೆತಾಯಿಯರು ಕೇಳುವುದುಂಟು. ಪ್ರಶ್ನೆ ಅನ್ಯಾಯವಾದುದಲ್ಲ. ಕಡ್ಡಿಯನ್ನು ಎಣಿಸಿದ ಕೈ, ಅದನ್ನೇ ಸ್ಲೇಟಿನ ಮೇಲೆ ಅಂಕಿಯಾಗಿ ಬರೆಯದಿದ್ದರೆ ಕಡ್ಡಿ ಆಟಿಕೆಯಾಗಿಯೇ ಉಳಿಯುತ್ತದೆ. ಒಂದೇ ಕೋಣೆಯಲ್ಲಿ ಐದು ಗುಂಪುಗಳನ್ನು ನೋಡಿಕೊಳ್ಳುವ ಉಪಾಧ್ಯಾಯರಿಗೆ ದಾಖಲೆ ತುಂಬುವ ಕೆಲಸವೇ ಹೆಚ್ಚಾದರೆ, ಕಾರ್ಡು ತರುವುದೂ ಇಡುವುದೂ ಬರಿಯ ವಿಧಿಯಾದೀತು. ಕೈಗೆ ಕೆಲಸ ಕೊಟ್ಟಷ್ಟೇ ಸಾಲದು. ಆ ಕೆಲಸವನ್ನು ನೋಡುತ್ತ, 'ಹೀಗೇಕೆ ಮಾಡಿದೆ?' ಎಂದು ಕೇಳುವ ಹಿರಿಯರೊಬ್ಬರು ಬಳಿಯಲ್ಲಿರಬೇಕು.

ನಗರದ ನಮಗೆ ಈ ಎರಡನೆಯದು ಸುಲಭ, ಮೊದಲನೆಯದು ಕಷ್ಟ. ಮಗು ಮಾಡಿದ ಜ್ವಾಲಾಮುಖಿ ಓರೆಯಾಗಿದ್ದರೆ ನಮಗೆ ನಾಚಿಕೆ! ಪಕ್ಕದ ಮನೆಯ ಮಗುವಿನದು ಅಂಗಡಿಯಿಂದ ಬಂದದ್ದು; ಅದೆಷ್ಟು ನೇರ!

ಆ ಓರೆಯಾದುದೇ ಶಾಲೆಗೆ ಹೋಗಲಿ. ಅಂಕ ಎರಡು ಕಡಮೆಯಾದರೂ ಚಿಂತೆಯಿಲ್ಲ. ಏಕೆ ಓರೆಯಾಯಿತೆಂಬುದನ್ನು ಹೇಳಬಲ್ಲ ಮಗು ಆ ದಿನದ ಪಾಠವನ್ನು ಕಲಿತಿದೆ. ತಂದೆಯವರೂ ಅಂದು ಹೊತ್ತಿಗೆ ಸರಿಯಾಗಿ ಮಲಗಬಹುದು.